'ಏನೂ ಇಲ್ಲ' ಎಂಬುದು ರೋಗನಿರ್ಣಯವಲ್ಲ

2025ರ ಮೇ ಮತ್ತು ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದರಂತೆ ಸಾವಿನ ಸುದ್ದಿ ಬಂತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತಕ್ಕೆ ಬಲಿಯಾದರು, ಅವರಲ್ಲಿ ಯುವಕರೂ ಇದ್ದಾರೆ ಎಂದು ಟಿವಿ ವಾಹಿನಿಗಳು ಕ್ರಿಕೆಟ್ ಸ್ಕೋರಿನಂತೆ ಲೆಕ್ಕ ಕೊಡುತ್ತಾ ಹೋದವು. ಸರಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ರಚಿಸಿತು. ಜುಲೈಯಲ್ಲಿ ಬಂದ ವರದಿ ಹೇಳಿದ್ದು ಬೇರೆಯೇ. ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಜಿಲ್ಲೆಯಲ್ಲಿ ಹೃದಯದ ಸಾವುಗಳು ಅಸಹಜವಾಗಿ ಏರಿಲ್ಲ ಎಂಬುದು ವರದಿಯ ಸಾರ.

ಆದರೆ ವರದಿ ಬರುವಷ್ಟರಲ್ಲಿ ಭಯ ತನ್ನ ಕೆಲಸ ಮುಗಿಸಿತ್ತು. ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳ್ಳಂಬೆಳಗ್ಗೆ ಬಂದು ಸಾಲು ನಿಂತರು. ಎಡಗೈ ನೋವು, ಎದೆ ಬಿಗಿತ, ಉಸಿರು ಸಾಲದು, ಎದೆ ಡವಗುಟ್ಟುತ್ತದೆ ಎಂದು ಹೇಳಿಕೊಂಡು ಬಂದವರನ್ನು ಸಂಭಾಳಿಸಲು ವೈದ್ಯರು ಹೆಣಗಾಡಿದರು. 'ಗಾಬರಿಯಾಗಬೇಡಿ' ಎಂದು ಪತ್ರಿಕೆಗಳ ಮೂಲಕ ಕೇಳಿಕೊಂಡರು. 2021ರ ಅಕ್ಟೋಬರಿನಲ್ಲಿ 46ರ ಹರೆಯದ ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡಾಗಲೂ ಇಂಥದೇ ಸಾಲುಗಳನ್ನು ನಾವು ಕಂಡಿದ್ದೆವು.

ಆ ಸಾಲಿನಲ್ಲಿ ನಿಂತವರಲ್ಲಿ ನಿಜಕ್ಕೂ ಹೃದಯದ ತೊಂದರೆ ಇದ್ದವರಿಗೆ ಚಿಕಿತ್ಸೆಯ ದಾರಿ ಸಿಕ್ಕಿತು. ಉಳಿದವರಿಗೆ ಏನು ಸಿಕ್ಕಿತು? ಒಂದು ಇಸಿಜಿ ಕಾಗದ, ಮತ್ತು ಎರಡು ಶಬ್ದ: 'ಏನೂ ಇಲ್ಲ.'

ಈ ಎರಡು ಶಬ್ದಗಳ ಬಗ್ಗೆಯೇ ನಮ್ಮ ತಕರಾರು. ಎದೆ ಬಿಗಿದು ಸತ್ತೇ ಹೋಗುತ್ತೇನೆಂದು ಭಾವಿಸಿ ಮಧ್ಯರಾತ್ರಿ ಆಟೋ ಹತ್ತಿ ಬಂದವನಿಗೆ ಏನೋ ಒಂದು ಇದೆ. ಹೃದಯದ ರಕ್ತನಾಳದಲ್ಲಿ ಇಲ್ಲದಿರಬಹುದು, ಇಸಿಜಿಯ ಗೆರೆಯಲ್ಲಿ ಮೂಡದಿರಬಹುದು. ಹಾಗೆಂದು ಅವನ ನೋವು ಸುಳ್ಳಾಗುವುದಿಲ್ಲ. 'ನಿಮ್ಮ ಹೃದಯಕ್ಕೆ ಏನೂ ಆಗಿಲ್ಲ' ಎನ್ನುವುದು ಒಳ್ಳೆಯ ಸುದ್ದಿ. 'ನಿಮಗೆ ಏನೂ ಆಗಿಲ್ಲ' ಎನ್ನುವುದು ಸುಳ್ಳು. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸ ನಮ್ಮ ಆಸ್ಪತ್ರೆಗಳಿಗೂ, ಮನೆಗಳಿಗೂ, ಮಸೀದಿ ಮಂದಿರಗಳಿಗೂ ಇನ್ನೂ ಅರ್ಥವಾಗಿಲ್ಲ.

ಕನ್ನಡ ಭಾಷೆಗೆ ಮಾತ್ರ ಇದು ಎಂದೋ ಅರ್ಥವಾಗಿದೆ. ಕೆಟ್ಟ ಸುದ್ದಿ ಕೇಳಿದಾಗ ನಮ್ಮ ಎದೆ ಧಸಕ್ಕೆನ್ನುತ್ತದೆ. ಧೈರ್ಯ ಕಳೆದುಕೊಂಡವನು ಎದೆಗುಂದುತ್ತಾನೆ, ಧೈರ್ಯವಂತನಿಗೆ ಎದೆಗಾರಿಕೆ ಇದೆ. ಮಗಳ ಮದುವೆ ಮುರಿದಾಗ ತಾಯಿಯ ಎದೆ ಒಡೆಯುತ್ತದೆ. ಮನಸ್ಸಿನ ಸಂಗತಿಗಳನ್ನೆಲ್ಲ ಎದೆಯಲ್ಲೇ ಇಟ್ಟು ಮಾತಾಡುವ ಜನ, ಅದೇ ಎದೆ ನಿಜವಾಗಿ ನೋಯತೊಡಗಿದಾಗ ಮಾತ್ರ 'ನಾಟಕ' ಎನ್ನುವುದು ಎಂತಹ ವಿಪರ್ಯಾಸ!

ದೇಹದೊಳಗೆ ನಡೆಯುವುದೇನೆಂದು ಸರಳವಾಗಿ ನೋಡೋಣ. ಅಪಾಯ ಎದುರಾದಾಗ ಮೆದುಳು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ಬಿಪಿ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಬೆವರು ಕಿತ್ತು ಬರುತ್ತದೆ. ಹುಲಿ ಎದುರಾದಾಗ ಓಡಿಹೋಗಲು ಅಲ್ಲಾಹನು ಮನುಷ್ಯನ ದೇಹದಲ್ಲಿಟ್ಟ ವ್ಯವಸ್ಥೆ ಇದು. ಆದರೆ ಬಾಕಿಯಿರುವ ಕಂತು, ಬಾರದ ಪರೀಕ್ಷೆಯ ಫಲಿತಾಂಶ, ರಾತ್ರಿ ಹನ್ನೊಂದಾದರೂ ಮನೆಗೆ ಬಾರದ ಮಗ ಇವೆಲ್ಲವೂ ಮೆದುಳಿನ ಪಾಲಿಗೆ ಹುಲಿಗಳೇ. ಓಡಲು ಜಾಗವಿಲ್ಲ, ಹೊಡೆದಾಡಲು ಎದುರಾಳಿಯಿಲ್ಲ. ಗಂಟೆ ಮಾತ್ರ ಬಾರಿಸುತ್ತಲೇ ಇರುತ್ತದೆ.

ಗಾಬರಿಯಲ್ಲಿ ಮನುಷ್ಯ ಅರಿವಿಲ್ಲದೆಯೇ ಬೇಗ ಬೇಗ ಉಸಿರಾಡುತ್ತಾನೆ. ಅದರಿಂದ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಕಡಿಮೆಯಾಗುತ್ತದೆ. ಆಗ ತಲೆ ತಿರುಗುತ್ತದೆ, ಬೆರಳುಗಳ ತುದಿ ಮತ್ತು ತುಟಿಯ ಸುತ್ತ ಜುಮುಜುಮು ಎನ್ನುತ್ತದೆ, ಎಷ್ಟು ಉಸಿರೆಳೆದರೂ ಸಾಲದೆನಿಸುತ್ತದೆ. ಬಿಗಿದ ಪಕ್ಕೆಲುಬಿನ ಸ್ನಾಯುಗಳು ನಿಜವಾಗಿಯೇ ನೋಯುತ್ತವೆ. 'ಇದು ಹಾರ್ಟ್ ಅಟ್ಯಾಕೇ' ಎಂಬ ಯೋಚನೆ ಬಂದೊಡನೆ ಇನ್ನಷ್ಟು ಅಡ್ರಿನಲಿನ್, ಇನ್ನಷ್ಟು ಬಡಿತ. ಲಕ್ಷಣಕ್ಕೆ ಹೆದರಿಕೆ, ಹೆದರಿಕೆಗೆ ಲಕ್ಷಣ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಶಿಖರ ಮುಟ್ಟಿ ಮೆಲ್ಲನೆ ಇಳಿಯುವ ಇದಕ್ಕೆ ವೈದ್ಯರು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಅನುಭವಿಸಿದವನಿಗೆ ಆ ಹತ್ತು ನಿಮಿಷ ಸಕ್ರಾತ್‌ನ, ಅಂದರೆ ಪ್ರಾಣ ಹೋಗುವ ಹೊತ್ತಿನ ಅನುಭವವೇ. ಇದರಲ್ಲಿ ನಟನೆ ಎಲ್ಲಿದೆ?

ಇದು ಮೊಬೈಲ್ ಕಾಲದ ಕಾಯಿಲೆಯೇನೂ ಅಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಜೇಕಬ್ ಮೆಂಡೆಸ್ ಡಾಕೋಸ್ಟಾ ಎಂಬ ವೈದ್ಯರ ಬಳಿಗೆ ಫಿಲಡೆಲ್ಫಿಯಾದ ಆಸ್ಪತ್ರೆಯಲ್ಲಿ ಸೈನಿಕರು ಬರುತ್ತಿದ್ದರು. ಎದೆನೋವು, ಬಡಿತ, ಏದುಸಿರು, ಸುಸ್ತು ಎಲ್ಲವೂ ಇತ್ತು. ಪರೀಕ್ಷಿಸಿದರೆ ಬಹಳ ಮಂದಿಯ ಹೃದಯದಲ್ಲಿ ದೋಷ ಕಾಣುತ್ತಿರಲಿಲ್ಲ. 1871ರಲ್ಲಿ ಅವರು ಮುನ್ನೂರಕ್ಕೂ ಹೆಚ್ಚು ಇಂಥ ಪ್ರಕರಣಗಳನ್ನು ಆಧರಿಸಿ ಪ್ರಬಂಧ ಪ್ರಕಟಿಸಿದರು. ಜನ ಅದನ್ನು 'ಸೈನಿಕನ ಹೃದಯ' ಎಂದು ಕರೆದರು. ಒಂದನೇ ಮಹಾಯುದ್ಧದಲ್ಲಿ ಸಾವಿರಾರು ಬ್ರಿಟಿಷ್ ಸೈನಿಕರಿಗೆ ಇದೇ ಆಯಿತು. 1941ರಲ್ಲಿ ಪಾಲ್ ವುಡ್ ಎಂಬ ಹೃದ್ರೋಗ ತಜ್ಞರು ಇದರ ಮೂಲ ಹೃದಯದಲ್ಲಿಲ್ಲ, ಭಯ ಮತ್ತು ಆತಂಕದಲ್ಲಿದೆ ಎಂದು ವಾದಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಪ್ಯಾನಿಕ್ ಡಿಸಾರ್ಡರ್ ಪ್ರತ್ಯೇಕ ಹೆಸರು ಪಡೆಯಿತು. ಬಂದೂಕು ಹಿಡಿದು ರಣರಂಗದಲ್ಲಿ ನಿಂತವನಿಗೂ ಬರುವ ಕಾಯಿಲೆಯನ್ನು ನಾವು ಇಂದಿಗೂ 'ಹೆಂಗಸರ ಟೆನ್ಶನ್' ಎಂದು ತಳ್ಳಿಹಾಕುತ್ತಿದ್ದೇವೆ.

ವೈದ್ಯರ ಕಣ್ಣಿಗೂ ಇದು ಸುಲಭವಾಗಿ ಬೀಳುವುದಿಲ್ಲ. ಕೆನಡಾದ ಮಾಂಟ್ರಿಯಲ್ ಹಾರ್ಟ್ ಇನ್‌ಸ್ಟಿಟ್ಯೂಟ್‌ನ ತುರ್ತು ವಿಭಾಗಕ್ಕೆ ಎದೆನೋವೆಂದು ಬಂದ 441 ಮಂದಿಯನ್ನು ಅಧ್ಯಯನ ಮಾಡಿ 1996ರಲ್ಲಿ ವರದಿ ಪ್ರಕಟಿಸಲಾಯಿತು. ಅವರಲ್ಲಿ ಶೇ. 25ರಷ್ಟು ಮಂದಿಗೆ ಪ್ಯಾನಿಕ್ ಡಿಸಾರ್ಡರ್ ಇತ್ತು. ಅಂಥವರಲ್ಲಿ ಶೇ. 98ರಷ್ಟು ಮಂದಿಯ ಈ ತೊಂದರೆಯನ್ನು ಅಲ್ಲಿನ ಹೃದ್ರೋಗ ವೈದ್ಯರು ಗುರುತಿಸಿರಲೇ ಇಲ್ಲ. ಅಷ್ಟೆಲ್ಲ ಸೌಲಭ್ಯವಿರುವ ದೇಶದ ಗತಿಯೇ ಹೀಗಾದರೆ ಒಂದು ಬೆಳಗಿನಲ್ಲಿ ನೂರಾರು ರೋಗಿಗಳನ್ನು ನೋಡುವ ನಮ್ಮ ಸರಕಾರಿ ವೈದ್ಯರನ್ನು ಮಾತ್ರ ದೂರಿ ಏನು ಪ್ರಯೋಜನ?

ಇಲ್ಲಿ ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳಬೇಕು. ಎದೆನೋವು ಬಂದಾಗ 'ಇದು ಟೆನ್ಶನ್ನೇ ಇರಬೇಕು' ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಬಾರದು. ಮೊದಲು ಆಸ್ಪತ್ರೆಗೆ ಹೋಗಬೇಕು, ಇಸಿಜಿ ಆಗಬೇಕು, ವೈದ್ಯರು ಹೇಳಿದರೆ ರಕ್ತಪರೀಕ್ಷೆಯೂ ಆಗಬೇಕು. ಎದೆಬಡಿತಕ್ಕೆ ಥೈರಾಯ್ಡ್ ಅಥವಾ ರಕ್ತಹೀನತೆಯೂ ಕಾರಣವಿರಬಹುದು. ಮಾಂಟ್ರಿಯಲ್‌ನಲ್ಲಿ ಪ್ಯಾನಿಕ್ ಡಿಸಾರ್ಡರ್ ಇದ್ದವರಲ್ಲಿ ಹಲವರಿಗೆ ಹೃದ್ರೋಗವೂ ಇತ್ತು. ಒಂದಿದ್ದರೆ ಇನ್ನೊಂದು ಇರಬಾರದೆಂಬ ನಿಯಮವೇನಿಲ್ಲ. ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಎದೆಯ ನಡುವಿನ ನೋವಾಗಿಯೇ ಬರಬೇಕೆಂದಿಲ್ಲ. ಸುಸ್ತು, ಬೆನ್ನುನೋವು, ವಾಕರಿಕೆ, ಏದುಸಿರು ಇಷ್ಟೇ ಇರಬಹುದು. ಅಂಥ ಹೆಂಗಸಿಗೆ 'ಗ್ಯಾಸ್ಟ್ರಿಕ್' ಎಂದು ಜೀರಿಗೆ ನೀರು ಕುಡಿಸಿ ಮಲಗಿಸಿ ಜೀವ ಕಳೆದ ಮನೆಗಳಿವೆ. ಪರೀಕ್ಷೆಗೆ ಮೊದಲೇ 'ಏನೂ ಇಲ್ಲ' ಎನ್ನುವುದು, ಪರೀಕ್ಷೆಯಾದ ಮೇಲೆ 'ಏನೂ ಇಲ್ಲ' ಎಂದು ಕೈತೊಳೆದುಕೊಳ್ಳುವುದು, ಎರಡೂ ಒಂದೇ ಉದಾಸೀನದ ಎರಡು ಮುಖಗಳು.

'ಮನಸ್ಸಿನದು ತಾನೇ, ಅದರಿಂದ ಯಾರೂ ಸಾಯುವುದಿಲ್ಲ' ಎನ್ನುವವರಿದ್ದಾರೆ. ಅವರಿಗೆ ಎರಡು ಸಂಗತಿ ಹೇಳಬೇಕು. 1990ರಲ್ಲಿ ಜಪಾನಿನ ವೈದ್ಯರು ಒಂದು ವಿಚಿತ್ರ ಹೃದಯ ತೊಂದರೆಯನ್ನು ವಿವರಿಸಿದರು. ಎದೆನೋವು, ಇಸಿಜಿಯಲ್ಲಿ ಬದಲಾವಣೆ ಎಲ್ಲವೂ ಹೃದಯಾಘಾತದಂತೆಯೇ ಇತ್ತು. ಆದರೆ ಆಂಜಿಯೋಗ್ರಾಮ್ ಮಾಡಿದರೆ ರಕ್ತನಾಳದಲ್ಲಿ ಆ ತೊಂದರೆಗೆ ಕಾರಣವಾಗುವಂಥ ತಡೆಯಿಲ್ಲ. ಹೃದಯದ ಎಡಭಾಗದ ಕೋಣೆ ಮಾತ್ರ ಬಲೂನಿನಂತೆ ಉಬ್ಬಿರುತ್ತದೆ. ಅಷ್ಟಪಾದಿ ಹಿಡಿಯಲು ಅಲ್ಲಿನ ಮೀನುಗಾರರು ಬಳಸುವ, ಕತ್ತು ಕಿರಿದಾದ ಮಡಕೆಯ ಆಕಾರ ಅದಕ್ಕಿರುವುದರಿಂದ ಆ ಮಡಕೆಯ ಹೆಸರನ್ನೇ ಇಟ್ಟು 'ಟಾಕೋಟ್ಸುಬೊ' ಎಂದರು. ಆಪ್ತರ ಸಾವು, ಆಘಾತ, ತೀವ್ರ ಭಯದ ನಂತರ, ಅದರಲ್ಲೂ ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು. 2004ರಲ್ಲಿ ಜಪಾನಿನ ನೀಗಾಟಾ ಪ್ರದೇಶದಲ್ಲಿ ಭೂಕಂಪವಾದಾಗ ಇಂಥ ಪ್ರಕರಣಗಳು ಒಮ್ಮೆಲೇ ಏರಿದವು. ಬಹುಪಾಲು ಮಂದಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಕೆಲವರು ಸಾಯುವುದೂ ಇದೆ. ಎದೆ ಒಡೆಯುವುದು ಬರಿಯ ಮಾತಲ್ಲ.

ಎರಡನೆಯದು, ಕೇರಳದಲ್ಲಿ ಹುಟ್ಟಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಮ್ ಯೂಸುಫ್ ಅವರ ನೇತೃತ್ವದಲ್ಲಿ ನಡೆದ 'ಇಂಟರ್‌ಹಾರ್ಟ್' ಅಧ್ಯಯನ. 52 ದೇಶಗಳಲ್ಲಿ ನಡೆದ ಈ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತಕ್ಕೆ ದಾರಿ ಮಾಡುವ ಒಂಬತ್ತು ಮುಖ್ಯ ಕಾರಣಗಳನ್ನು ಅದು ಪಟ್ಟಿ ಮಾಡಿತು. ಧೂಮಪಾನ, ಕೊಲೆಸ್ಟ್ರಾಲ್, ಬಿಪಿ, ಸಕ್ಕರೆ ಕಾಯಿಲೆಗಳ ಜೊತೆ ಅದೇ ಪಟ್ಟಿಯಲ್ಲಿ ಮಾನಸಿಕ ಮತ್ತು ಸಾಮಾಜಿಕ ಒತ್ತಡವೂ ಇದೆ. ಅಂದರೆ ಇಂದು ಬರಿಯ ಬಡಿತವಾಗಿ ಕಾಣಿಸಿಕೊಂಡ ಒತ್ತಡ, ವರ್ಷಗಟ್ಟಲೆ ಹಾಗೆಯೇ ಉಳಿದರೆ, ನಾಳೆ ನಿಜವಾದ ಹೃದ್ರೋಗಕ್ಕೂ ದಾರಿ ಮಾಡಿಕೊಡಬಲ್ಲುದು.

ವಿಜ್ಞಾನ ಇಷ್ಟು ಸ್ಪಷ್ಟವಾಗಿರುವಾಗ ನಮ್ಮ ಸುತ್ತ ನಡೆಯುತ್ತಿರುವುದೇನು?

ಖಾಸಗಿ ಆಸ್ಪತ್ರೆಗಳನ್ನೇ ಮೊದಲು ನೋಡೋಣ. ಎದೆನೋವಿನ ರೋಗಿ ಅವುಗಳ ಪಾಲಿಗೆ ಒಳ್ಳೆಯ ಗಿರಾಕಿ. ಇಸಿಜಿ, ಎಕೋ, ಟಿಎಂಟಿ, ಬೇಕಾದರೆ ಆಂಜಿಯೋಗ್ರಾಮ್. ಎಲ್ಲವೂ ಸರಿಯಿದೆಯೆಂದು ಗೊತ್ತಾದ ಮೇಲೆ ಅವನ ಬಳಿ ಹತ್ತು ನಿಮಿಷ ಕುಳಿತು 'ಮನೆಯಲ್ಲಿ ಏನು ನಡೆಯುತ್ತಿದೆ?' ಎಂದು ಕೇಳುವುದಕ್ಕೆ ಬಿಲ್ಲಿನಲ್ಲಿ ಜಾಗವಿಲ್ಲ. ಆದ್ದರಿಂದ ಕೇಳುವವರಿಲ್ಲ. ಅವನು ಇನ್ನೊಂದು ಊರಿನ ಇನ್ನೊಂದು ಆಸ್ಪತ್ರೆಗೆ ಹೋಗುತ್ತಾನೆ, ಅದೇ ಪರೀಕ್ಷೆಗಳು ಮತ್ತೊಮ್ಮೆ ನಡೆಯುತ್ತವೆ. ದಪ್ಪನೆಯ ಫೈಲು ಕಂಕುಳಲ್ಲಿ ಹಿಡಿದು ಮಂಗಳೂರು, ಮಣಿಪಾಲ, ಬೆಂಗಳೂರು ಎಂದು ಅಲೆದು ಮನೆಯ ಬಂಗಾರ ಅಡವಿಟ್ಟವರು ನಮ್ಮಲ್ಲಿ ಎಷ್ಟಿಲ್ಲ? ಕೊನೆಗೆ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತರುವ 'ಟೆನ್ಶನ್ ಮಾತ್ರೆ'ಯೇ ಗತಿಯಾಗುತ್ತದೆ. ಅಭ್ಯಾಸವಾದರೆ ಬಿಡಲು ಕಷ್ಟವಾಗುವ ಆ ಮಾತ್ರೆ ಇನ್ನೊಂದು ರೋಗವನ್ನು ಮನೆಗೆ ತರುತ್ತದೆ.

ಮನೆಯ ಕಥೆ ಇದಕ್ಕಿಂತ ಭಿನ್ನವಲ್ಲ. ಗಂಡ ಗಲ್ಫಿನಲ್ಲಿ, ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಇತ್ತ ಅತ್ತೆ ಮಾವ, ಮಕ್ಕಳ ಶಾಲೆ, ನಾದಿನಿಯ ಮದುವೆ, ಮನೆ ಕಟ್ಟಿದ ಸಾಲ ಎಲ್ಲವೂ ಒಬ್ಬ ಹೆಣ್ಣಿನ ಹೆಗಲ ಮೇಲೆ. ಅವಳು ಎದೆ ಹಿಡಿದು ಕುಳಿತರೆ ಮನೆಯವರ ತೀರ್ಪು ಸಿದ್ಧವಿದೆ: 'ಅವಳಿಗೆ ಎಂತದೂ ಇಲ್ಲ, ಕೆಲಸ ತಪ್ಪಿಸಲಿಕ್ಕೆ.' ಅತ್ತ ಜುಬೈಲಿನಲ್ಲೋ ದುಬೈಯಲ್ಲೋ ಒಂದು ಕೋಣೆಯಲ್ಲಿ ಎಂಟು ಮಂದಿಯ ಜೊತೆ ಮಲಗುವ ಗಂಡನಿಗೂ ಅದೇ ಬಡಿತ, ಅದೇ ಬಿಗಿತ. ಅವನಂತೂ ಹೇಳುವಂತೆಯೇ ಇಲ್ಲ. ಗಂಡಸಾಗಿ ಹುಟ್ಟಿ ಭಯವಾಗುತ್ತದೆ ಎನ್ನುವುದುಂಟೆ? ಕೆಲಸ ಹೋದರೆ? ಹೆಂಗಸಿನ ನೋವನ್ನು ನಾಟಕವೆಂದೂ, ಗಂಡಸಿನ ನೋವನ್ನು ಅವಮಾನವೆಂದೂ ಕರೆದು ಇಬ್ಬರ ಬಾಯನ್ನೂ ಕಟ್ಟಿದ್ದೇವೆ. ಬಾಯಿ ಕಟ್ಟಿದಾಗ ದೇಹ ಮಾತಾಡುತ್ತದೆ.

ವೈದ್ಯರು 'ಏನೂ ಇಲ್ಲ' ಎಂದು ತೆರವು ಮಾಡಿದ ಜಾಗದಲ್ಲಿ ಬಂದು ಕೂರುವವನು ಮಂತ್ರವಾದಿ. ಅವನು ಎಂದಿಗೂ 'ಏನೂ ಇಲ್ಲ' ಎನ್ನುವುದಿಲ್ಲ. ಜಿನ್ನ್ ಇದೆ, ಕಣ್ಣು ತಾಗಿದೆ, ಯಾರೋ ಮಾಟ ಮಾಡಿಸಿದ್ದಾರೆ. ಅವನು ರೋಗಿಯ ಮಾತನ್ನು ಅರ್ಧ ಗಂಟೆ ಕೇಳುತ್ತಾನೆ, ನೋವು ನಿಜವೆಂದು ಒಪ್ಪುತ್ತಾನೆ. ಅವನ ವ್ಯಾಪಾರದ ಗುಟ್ಟು ಇಷ್ಟೇ. ತಾಯಿತ, ಊದಿದ ನೂಲು, ತಟ್ಟೆಯಲ್ಲಿ ಬರೆದು ತೊಳೆದ ನೀರು, ಎಲ್ಲಕ್ಕೂ ಒಂದೊಂದು ದರ. ಮಾಟ ಮಾಡಿಸಿದವರು ಯಾರೆಂಬ ಸುಳಿವನ್ನೂ ಕೊಟ್ಟು ಅಕ್ಕತಂಗಿಯರ ನಡುವೆ ವಿಷ ಹಿಂಡುತ್ತಾನೆ. ಇದು ನಮ್ಮ ಸಮುದಾಯದ ಕಾಯಿಲೆ ಮಾತ್ರವಲ್ಲ. ಪಕ್ಕದ ಮನೆಯವರು ಪ್ರಶ್ನೆ ಇಡಿಸುತ್ತಾರೆ, ಭೂತದ ಬಾಧೆಯೆನ್ನುತ್ತಾರೆ, ಇನ್ನೊಬ್ಬರು ಪ್ರಾರ್ಥನಾ ಕೂಟದಲ್ಲಿ ದೆವ್ವ ಬಿಡಿಸುತ್ತಾರೆ. ಈ ಒಂದು ವಿಷಯದಲ್ಲಿ ಎಲ್ಲ ಧರ್ಮದವರಲ್ಲೂ ಅಪೂರ್ವವಾದ ಸೌಹಾರ್ದವಿದೆ!

ಈ ದಾರಿ ಎಲ್ಲಿಯವರೆಗೆ ಹೋಗಬಲ್ಲುದು ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. ದರ್ಗಾದ ಬರಕತ್ತಿನಿಂದ ಗುಣವಾಗುತ್ತದೆಂದು ನಂಬಿ ಬಂಧುಗಳು ತಂದುಬಿಟ್ಟ ಮಾನಸಿಕ ರೋಗಿಗಳನ್ನು ಅಲ್ಲಿನ ಖಾಸಗಿ ವಸತಿಗಳಲ್ಲಿ ಸಂಕೋಲೆ ಹಾಕಿ ಇಡಲಾಗುತ್ತಿತ್ತು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥ ಒಂದು ವಸತಿಗೆ ಬೆಂಕಿ ಬಿತ್ತು. ಸಂಕೋಲೆಯಿಂದಾಗಿ ಓಡಲಾರದ 28 ಮಂದಿ ಬೆಂದು ಸತ್ತರು. ಎದೆಬಡಿತದ ರೋಗಿಗೂ ಅವರಿಗೂ ಕಾಯಿಲೆಯಲ್ಲಿ ಬಹಳ ಅಂತರವಿದೆ, ನಿಜ. ಆದರೆ ಮನಸ್ಸಿನ ನೋವಿಗೆ ವೈದ್ಯರ ಅಗತ್ಯವಿಲ್ಲ ಎಂಬ ಮೊದಲ ಹೆಜ್ಜೆ ಎರಡಕ್ಕೂ ಒಂದೇ.

ಇನ್ನು ಮಿಂಬರ್ ಮೇಲಿಂದ ಬರುವ ಉಪದೇಶ: 'ಈಮಾನ್ ಬಲವಾಗಿದ್ದವನಿಗೆ ಇಂಥದ್ದೆಲ್ಲ ಬರುವುದಿಲ್ಲ.' ನಮಾಝ್, ದಿಕ್ರ್, ಕುರ್‌ಆನ್ ಪಾರಾಯಣ ಮನಸ್ಸಿಗೆ ನೆಮ್ಮದಿ ಕೊಡುತ್ತವೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ನೋವಿನಲ್ಲಿರುವವನ ಈಮಾನನ್ನು ಅಳೆಯಲು ಹೊರಡುವುದು ಯಾವ ದೀನ್? ಮಗ ಯೂಸುಫ್‌ರನ್ನು ಕಳೆದುಕೊಂಡು ಅತ್ತ ಯಾಕೂಬ್ ಪ್ರವಾದಿ ದುಃಖದಿಂದಲೇ ದೃಷ್ಟಿ ಕಳೆದುಕೊಂಡ ವೃತ್ತಾಂತ ಕುರ್‌ಆನಿನಲ್ಲಿಯೇ ಇದೆ. ಮನಸ್ಸಿನ ನೋವು ದೇಹಕ್ಕೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ? ಅವರ ಈಮಾನ್ ಕಮ್ಮಿಯಿತ್ತು ಎನ್ನುವ ಧೈರ್ಯ ಯಾವ ಖತೀಬರಿಗಿದೆ? ಮಗುವನ್ನು ನದಿಗೆ ಬಿಟ್ಟ ಮೂಸಾರ ತಾಯಿಯ ಎದೆ ಬರಿದಾದ ಬಗೆಯನ್ನೂ ಕುರ್‌ಆನ್ ಮರೆಮಾಚುವುದಿಲ್ಲ. ಪತ್ನಿ ಖದೀಜಾ ಮತ್ತು ಆಶ್ರಯವಾಗಿದ್ದ ದೊಡ್ಡಪ್ಪ ಅಬೂತಾಲಿಬ್ ಇಬ್ಬರನ್ನೂ ಪ್ರವಾದಿಯವರು ಒಟ್ಟೊಟ್ಟಿಗೆ ಕಳೆದುಕೊಂಡ ವರ್ಷವನ್ನು ಇಸ್ಲಾಮೀ ಇತಿಹಾಸ 'ದುಃಖದ ವರ್ಷ' ಎಂದೇ ಕರೆದಿದೆ. ದುಃಖಕ್ಕೆ ಒಂದು ವರ್ಷವನ್ನೇ ಮೀಸಲಿಟ್ಟ ಪರಂಪರೆಯವರು ದುಃಖಿತರನ್ನು ಕಂಡರೆ ಹಂಗಿಸುವುದೇ?

ಒಂಬತ್ತು-ಹತ್ತನೇ ಶತಮಾನಗಳಲ್ಲಿ ಬದುಕಿದ್ದ ಅಬೂ ಝೈದ್ ಅಲ್ ಬಲ್‌ಖೀ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಕುರಿತು ಒಂದೇ ಗ್ರಂಥದಲ್ಲಿ ಬರೆದರು. ಭಯ, ಕೋಪ, ದುಃಖ, ಬಿಡದೆ ಕಾಡುವ ಯೋಚನೆ ಎಂದು ಮನಸ್ಸಿನ ತೊಂದರೆಗಳನ್ನು ವಿಂಗಡಿಸಿದರು. ಮನಸ್ಸು ಕೆಟ್ಟರೆ ದೇಹವೂ ಕೆಡುತ್ತದೆ, ವೈದ್ಯನು ಎರಡನ್ನೂ ನೋಡಬೇಕು ಎಂಬುದು ಅವರ ನಿಲುವು. ಕೈರೋದಲ್ಲಿ 1284ರಲ್ಲಿ ಕಟ್ಟಿದ ಖಲಾವೂನ್ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೂ ವಿಭಾಗವಿತ್ತು, ಅದರ ಖರ್ಚು ವಕ್ಫ್ ಆದಾಯದಿಂದ ನಡೆಯುತ್ತಿತ್ತು. ನಮ್ಮ ವಕ್ಫ್ ಆಸ್ತಿಗಳಲ್ಲಿ ಶಾದಿಮಹಲ್‌ಗಳಿವೆ, ಅಂಗಡಿ ಸಾಲುಗಳಿವೆ. ಒಂದು ಆಪ್ತಸಮಾಲೋಚನಾ ಕೋಣೆ ಎಷ್ಟು ಕಡೆ ಇದೆ? ಗತವೈಭವದ ಭಾಷಣ ಮಾಡುವವರು ಈ ಪ್ರಶ್ನೆಗೆ ಉತ್ತರಿಸಬೇಕು.

ಆದರೆ ಒಂದು ಮಾತು. ಒತ್ತಡವೆಂದರೆ ವ್ಯಕ್ತಿಯ ಸ್ವಂತ ದೌರ್ಬಲ್ಯ, ಬೆಳಗ್ಗೆ ಎದ್ದು ಅರ್ಧ ಗಂಟೆ ಉಸಿರಾಟದ ವ್ಯಾಯಾಮ ಮಾಡಿದರೆ ಸಾಕು ಎಂಬ ಹೊಸ ಉಪದೇಶಕರನ್ನೂ ನಾವು ಒಪ್ಪುವುದಿಲ್ಲ. ನಿಧಾನವಾಗಿ ಉಸಿರು ಬಿಡುವ ಅಭ್ಯಾಸದಿಂದ ಆ ಕ್ಷಣದ ಗಾಬರಿ ಇಳಿಯುತ್ತದೆ, ಸರಿ. ಆದರೆ ಆ ಗಾಬರಿ ಬಂದದ್ದು ಎಲ್ಲಿಂದ? 2022ರ ಜುಲೈಯಲ್ಲಿ ದಕ್ಷಿಣ ಕನ್ನಡದಲ್ಲಿ ಹತ್ತು ದಿನಗಳೊಳಗೆ ಮೂವರು ಯುವಕರ ಕೊಲೆಯಾಯಿತು. ಆ ದಿನಗಳಲ್ಲಿ ಮಗ ಕೆಲಸ ಮುಗಿಸಿ ಮನೆಗೆ ಬರುವ ತನಕ ಬಾಗಿಲಲ್ಲಿ ನಿಂತ ತಾಯಂದಿರು ಎಲ್ಲ ಧರ್ಮದವರಲ್ಲೂ ಇದ್ದರು. ಮೈಕ್ರೋಫೈನಾನ್ಸ್ ಕಂತಿಗಾಗಿ ಮನೆ ಮುಂದೆ ಬಂದು ಕೂರುವವರ ಕಾಟ ತಡೆಯಲಾರದೆ ಜನ ಊರು ಬಿಟ್ಟಾಗ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಾರದ ಕಂತಿನ ದಿನ ಎದೆ ಬಡಿದುಕೊಳ್ಳುವ ಹೆಂಗಸಿಗೆ ಪ್ರಾಣಾಯಾಮ ಮಾತ್ರ ಹೇಳಿಕೊಟ್ಟರೆ ಅದು ಚಿಕಿತ್ಸೆಯಲ್ಲ, ತಮಾಷೆ. ಭಯವನ್ನು ಬಿತ್ತಿ ಮತ ಕೊಯ್ಯುವವರು, ಸಾವುಗಳನ್ನು ಎಣಿಸಿ ಟಿಆರ್‌ಪಿ ಕೊಯ್ಯುವವರು ಇವರೆಲ್ಲರೂ ಈ ಎದೆನೋವಿನ ಪಾಲುದಾರರು.

ಹಾಗಾದರೆ ಆಗಬೇಕಾದ್ದೇನು?

ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಾಗಿದೆ. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ನಮ್ಮ ಒತ್ತಾಯ ಇಷ್ಟೇ: ಇಸಿಜಿ ಸರಿಯಿದ್ದವನನ್ನು ಗೇಟಿನ ಹೊರಗೆ ಕಳಿಸುವ ಮೊದಲು ಅದೇ ಆಸ್ಪತ್ರೆಯಲ್ಲಿ ಒಬ್ಬ ಆಪ್ತಸಮಾಲೋಚಕರ ಮುಂದೆ ಕೂರಿಸಿ. ಇದು ಅಸಾಧ್ಯವಾದ ಬೇಡಿಕೆಯಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಗಳಲ್ಲೇ ಮಾನಸಿಕ ಆರೋಗ್ಯ ಸೇವೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ದೇಶವೇ ಆ ಮಾದರಿಯನ್ನು ಎತ್ತಿಕೊಂಡಿತು. ದೇಶಕ್ಕೆ ದಾರಿ ತೋರಿಸಿದ ರಾಜ್ಯದಲ್ಲಿ ಇಂದಿಗೂ ರೋಗಿ ದಾರಿ ತಪ್ಪಬೇಕೆ? ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಬಹುತೇಕ ಕಾಯಿಲೆಗಳಲ್ಲಿ ಶೇ. 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ತಲುಪಿರಲಿಲ್ಲ.

ಕಾನೂನು ನಮ್ಮ ಜೊತೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕಾಗಿಸಿದೆ, ರೋಗಿಯನ್ನು ಸಂಕೋಲೆಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ, ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕೆಂದಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಮಸೀದಿಯ ನೋಟಿಸ್ ಬೋರ್ಡಿನಲ್ಲಿ ನಮಾಝಿನ ಸಮಯದ ಪಟ್ಟಿಯ ಪಕ್ಕ ಈ ಐದು ಅಂಕಿಗಳನ್ನು ಬರೆಯಲು ಯಾವ ಜಮಾಅತಿಗೂ ಬಜೆಟ್ ಬೇಕಾಗಿಲ್ಲ. ವರ್ಷಕ್ಕೆ ಒಂದು ಜುಮಾ ಖುತ್ಬಾ ಈ ವಿಷಯಕ್ಕೆ ಮೀಸಲಾಗಲಿ. ಮನೆಗೆ ಬಂದ ರೋಗಿಗೆ ದುಆ ಮಾಡುವ ಉಸ್ತಾದರು ದುಆ ಮುಗಿಸಿ 'ಡಾಕ್ಟರನ್ನು ಕಂಡಿರಾ?' ಎಂದು ಕೇಳಲಿ. ಕಾಯಿಲೆಗೆ ಔಷಧಿ ಮಾಡಿರೆಂದು ಕಲಿಸಿದ ಪ್ರವಾದಿಯ ಅನುಯಾಯಿಗೆ ಅದು ಸುನ್ನತ್ತೇ ಹೊರತು ಸೋಲಲ್ಲ.

ಈ ಕಾಯಿಲೆಗೆ ಚಿಕಿತ್ಸೆ ಇದೆ. ಲಕ್ಷಣಕ್ಕೆ ಹೆದರುವ ಯೋಚನೆಯನ್ನು ಹಂತಹಂತವಾಗಿ ಬದಲಿಸುವ ಮಾತಿನ ಚಿಕಿತ್ಸೆಯಿದೆ. ಅಗತ್ಯವಿದ್ದರೆ ವೈದ್ಯರ ಉಸ್ತುವಾರಿಯಲ್ಲಿ ತೆಗೆದುಕೊಳ್ಳುವ ಔಷಧಿಯಿದೆ. ಅದರ ಪರಿಣಾಮ ತಿಳಿಯಲು ಕೆಲವು ವಾರ ಬೇಕು, ಅಷ್ಟರೊಳಗೆ ಕೈಬಿಡಬಾರದು. ಬಹುಪಾಲು ಮಂದಿ ಚೇತರಿಸಿಕೊಂಡು ಕೆಲಸಕ್ಕೆ ಮರಳುತ್ತಾರೆ, ಮಕ್ಕಳೊಂದಿಗೆ ನಗುತ್ತಾರೆ. ಆದರೆ ಚಿಕಿತ್ಸೆಯ ಬಾಗಿಲು ತಟ್ಟಲು ಮೊದಲು ನೋವು ಇದೆಯೆಂದು ಯಾರಾದರೂ ಒಪ್ಪಬೇಕು. ಆ ಒಪ್ಪಿಗೆ ಮನೆಯಿಂದ ಶುರುವಾಗಬೇಕು. ಆಸ್ಪತ್ರೆಯಿಂದ ಮರಳಿದವರನ್ನು ಕೂರಿಸಿ ಒಂದು ಲೋಟ ನೀರು ಕೊಟ್ಟು, 'ಹೃದಯಕ್ಕೆ ಏನೂ ಆಗಿಲ್ಲವಂತೆ, ಅಲ್‌ಹಮ್ದುಲಿಲ್ಲಾಹ್. ಇನ್ನು ಹೇಳು, ಏನಾಗಿದೆ?' ಎಂದು ಕೇಳಲು ನಾವು ಕಲಿಯಬೇಕು. ಕೇಳಿದ ಮೇಲೆ, ಉತ್ತರ ಎಷ್ಟೇ ಕಹಿಯಾಗಿದ್ದರೂ ಪೂರ್ತಿ ಕೇಳಿಸಿಕೊಳ್ಳಬೇಕು.